ಕಾಳಿನ ಭ್ರೂಣ ಹೇಳುವ ಸಾರಜನಕದ ಲೆಕ್ಕ

ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ನೂಲಿನಂಥ ಬಿಳಿ ಮೊಳಕೆ ಹೊರಗೆ ಬರುತ್ತದೆ. ಅದನ್ನು ಒಣಗಿಸಿ, ಹದವಾಗಿ ಹುರಿದು, ಬೀಸಿ, ಸೋಸಿ ಮಗುವಿಗೆ ರಾಗಿ ಸರಿ ಮಾಡುವ ಪದ್ಧತಿ ರಾಜಾಜಿನಗರದ ವಠಾರಗಳಲ್ಲೂ ಇದೆ, ಬಸವೇಶ್ವರನಗರದ ಅಪಾರ್ಟ್‌ಮೆಂಟುಗಳಲ್ಲೂ ಇದೆ. ಮೊಳಕೆ ಬಂದ ರಾಗಿಯ ಹಿಟ್ಟಿನ ಗಂಜಿ ತೆಳ್ಳಗಾಗುತ್ತದೆ, ಮಗುವಿಗೆ ಸುಲಭವಾಗಿ ಅರಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲೇ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ ಹಸುಗೂಸಿನ ಆಹಾರವೊಂದನ್ನು ರೂಪಿಸಿದ್ದು ಈ ಗುಣವನ್ನು ನೆಚ್ಚಿಕೊಂಡೇ. ಆದರೆ ಬಟ್ಟೆಯ ಗಂಟಿನೊಳಗೆ ನಡೆದ ಅಡುಗೆ ಮಗುವಿಗಾಗಿ ನಡೆದದ್ದಲ್ಲ. ಕಾಳಿನ ಒಂದು ಮೂಲೆಯಲ್ಲಿ ಕುಳಿತಿರುವ, ಬರಿಗಣ್ಣಿಗೆ ಚುಕ್ಕಿಯಷ್ಟೂ ಕಾಣದ ಭ್ರೂಣವೊಂದು ತನಗಾಗಿ ಮಾಡಿಸಿಕೊಂಡ ಅಡುಗೆ ಅದು. ಹಿಟ್ಟು ಸಕ್ಕರೆಯಾಗುವುದನ್ನು ನಾವು ರುಚಿಯಿಂದ ಗುರುತಿಸುತ್ತೇವೆ. ಅದರ ಜೊತೆಯಲ್ಲೇ ಕಾಳಿನ ಪ್ರೋಟೀನು ಒಡೆದು ಬಿಡಿಬಿಡಿಯಾಗುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಆ ಎರಡನೆಯ ಕೆಲಸದಲ್ಲಿ ನಮ್ಮ ಹೊಲ, ಕೆರೆ, ಕೊಳವೆಬಾವಿ ಮತ್ತು ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಮೋರಿಯ ನೀರಿಗೂ ಸಂಬಂಧಿಸಿದ ಒಂದು ಪಾಠವಿದೆ. ಆ ಪಾಠವನ್ನು ನಮ್ಮ ನೀತಿ ಇನ್ನೂ ಕಲಿತಿಲ್ಲ ಎಂಬುದು ಈ ಲೇಖನದ ವಾದ.

ನೂರು ಗ್ರಾಂ ರಾಗಿಯಲ್ಲಿ ಸುಮಾರು ಏಳು ಗ್ರಾಂ ಪ್ರೋಟೀನು ಇರುತ್ತದೆ. ಪ್ರೋಟೀನಿನ ತೂಕದಲ್ಲಿ ಆರರಲ್ಲೊಂದು ಪಾಲು ಸಾರಜನಕ. ಅಂದರೆ ತಾಯಿಗಿಡ ತಾನು ಸಾಯುವ ಮುನ್ನ ಮರಿಗಿಡಕ್ಕೆ ಬುತ್ತಿ ಕಟ್ಟುವಾಗ ಸಾರಜನಕವನ್ನು ಉಪ್ಪಿನ ರೂಪದಲ್ಲಿ ಕಟ್ಟುವುದಿಲ್ಲ, ಪ್ರೋಟೀನಿನ ರೂಪದಲ್ಲಿ ಕಟ್ಟುತ್ತದೆ. ಭತ್ತ, ಗೋಧಿ, ಜೋಳ, ಬಾರ್ಲಿ ಎಲ್ಲದರಲ್ಲೂ ಭ್ರೂಣಕ್ಕೂ ಹಿಟ್ಟಿನ ಭಾಗಕ್ಕೂ ನಡುವೆ ಒಂದು ಫಲಕವಿರುತ್ತದೆ. ಅದರ ಹೆಸರು ಸ್ಕುಟೆಲಮ್. ಲ್ಯಾಟಿನ್ ಭಾಷೆಯಲ್ಲಿ ಚಿಕ್ಕ ಗುರಾಣಿ ಎಂದರ್ಥ. ಹೆಸರು ಗುರಾಣಿಯಾದರೂ ಅದು ಮಾಡುವುದು ಬಾಯಿಯ ಕೆಲಸ. ಹಿಟ್ಟಿನ ಕಡೆಯಿಂದ ಸಕ್ಕರೆಯನ್ನು, ಒಡೆದ ಪ್ರೋಟೀನಿನ ಅಮೈನೊ ಆಮ್ಲಗಳನ್ನು ಹೀರಿ ಭ್ರೂಣಕ್ಕೆ ಉಣಿಸುತ್ತದೆ. ಎರಡು ಮೂರು ಅಮೈನೊ ಆಮ್ಲಗಳು ಇನ್ನೂ ಕೊಂಡಿ ಕಳಚದೆ ಇರುವ ಪೆಪ್ಟೈಡ್ ತುಣುಕುಗಳನ್ನೂ ಅದು ಹಾಗೆಯೇ ಎಳೆದುಕೊಳ್ಳಬಲ್ಲದು ಎಂದು 1970ರ ದಶಕದಲ್ಲಿ ಬಾರ್ಲಿಯ ಮೇಲೆ ನಡೆದ ಅಧ್ಯಯನಗಳು ತೋರಿಸಿದವು. ಬೇರು ಮಣ್ಣಿಗೆ ಇಳಿದು ಅಲ್ಲಿನ ನೈಟ್ರೇಟನ್ನೋ ಅಮೋನಿಯಂ ಅನ್ನೋ ಹೀರುವುದು ಆಮೇಲಿನ ಮಾತು. ಬದುಕಿನ ಮೊದಲ ಕೆಲವು ದಿನ ಏಕದಳ ಸಸಿ ಉಣ್ಣುವುದು ಬೇಯಿಸಿದ ಊಟ.

ಇದು ಹೀಗೆಯೇ ಏಕೆ ಎಂದು ತಿಳಿಯಲು ಭ್ರೂಣವನ್ನು ಬುತ್ತಿಯಿಂದ ಬೇರ್ಪಡಿಸಿ, ಬೇರೆ ಬೇರೆ ಊಟ ಬಡಿಸಿ ನೋಡಬೇಕು. ಜರ್ಮನಿಯ ಹ್ಯಾನಿಗ್ 1904ರಲ್ಲಿ ಮೂಲಂಗಿ ಜಾತಿಯ ಗಿಡಗಳ ಭ್ರೂಣಗಳನ್ನು ಬೀಜದಿಂದ ಬಿಡಿಸಿ ಸಕ್ಕರೆ ಮತ್ತು ಲವಣದ ದ್ರಾವಣದಲ್ಲಿ ಬೆಳೆಸಿದರು. ಎರಡೇ ವರ್ಷದಲ್ಲಿ, 1906ರಲ್ಲಿ, ಹೊರೇಸ್ ಬ್ರೌನ್ ಬಾರ್ಲಿಯ ಭ್ರೂಣವನ್ನು ಹೊರತೆಗೆದು, ಸಾರಜನಕ ಒಂದೊಂದರಲ್ಲಿ ಒಂದೊಂದು ರೂಪದಲ್ಲಿರುವ ದ್ರಾವಣಗಳ ಮೇಲೆ ಬೆಳೆಸಿ ಹೋಲಿಸಿದರು. ಈ ಕೆಲಸ ಪ್ರಕಟವಾದದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಸಂಶೋಧನಾಲಯದ ವರದಿಯಲ್ಲಿ. ಬಿಯರಿಗೆ ಬೇಕಾದ ಮಾಲ್ಟ್ ಎಂದರೆ ಮೊಳಕೆ ಬಾರ್ಲಿಯೇ. ನಮ್ಮ ಮನೆಗಳ ಒದ್ದೆ ಬಟ್ಟೆಯ ಗಂಟಿನಲ್ಲಿ ನಡೆಯುವುದೇ ಅಲ್ಲಿ ಕಾರ್ಖಾನೆಯ ಮಟ್ಟದಲ್ಲಿ ನಡೆಯುತ್ತಿತ್ತು, ಹಾಗಾಗಿ ಭ್ರೂಣದ ಹಸಿವು ಅವರಿಗೆ ವ್ಯಾಪಾರದ ಪ್ರಶ್ನೆಯೂ ಆಗಿತ್ತು. ಪೂರ್ತಿ ಬಲಿತ ಭ್ರೂಣ ಸರಳ ಲವಣಗಳಲ್ಲೂ ಹೇಗೋ ಬದುಕಿಕೊಳ್ಳುತ್ತದೆ. ಕಾಳು ಇನ್ನೂ ಹಾಲುಗಟ್ಟುತ್ತಿರುವಾಗಿನ ಎಳೆಯ ಭ್ರೂಣದ ಮಾತು ಬೇರೆ. ಅದಕ್ಕೆ ಯಾವ ಊಟ ಹಿಡಿಸುತ್ತದೆಂದು ದಶಕಗಟ್ಟಲೆ ಹುಡುಕಾಟ ನಡೆಯಿತು. 1941ರಲ್ಲಿ ಅಮೆರಿಕದ ಫಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರದ ಎಳೆ ಭ್ರೂಣಗಳಿಗೆ ತೆಂಗಿನಕಾಯಿಯ ನೀರು ಕೊಟ್ಟಾಗ ಅವು ಬೆಳೆದವು. ಮದ್ದೂರಿನಿಂದ ಬಂದು ನಮ್ಮ ರಸ್ತೆ ಬದಿಯಲ್ಲಿ ರಾಶಿ ಬೀಳುವ ಎಳನೀರು ನಿಜಕ್ಕೂ ಏನು ಎಂದು ಗೊತ್ತಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ: ಅದು ತೆಂಗಿನ ಭ್ರೂಣಕ್ಕಾಗಿ ತಾಯಿಮರ ತುಂಬಿಟ್ಟ ದ್ರವರೂಪದ ಭ್ರೂಣಾಹಾರ. ಒಂದು ಗಿಡದ ತಾಯಿಹಾಲು ಇನ್ನೊಂದು ಗಿಡದ ಕೂಸಿಗೆ ಒಗ್ಗಿತು.

ಎಳನೀರಿನಲ್ಲಿ ನೂರೆಂಟು ವಸ್ತುಗಳಿರುವುದರಿಂದ ಯಾವುದು ಕೆಲಸ ಮಾಡಿತೆಂದು ಹೇಳುವುದು ಕಷ್ಟ. ಹಾಗಾಗಿ ಸಂಶೋಧಕರು ಒಂದೊಂದೇ ವಸ್ತುವನ್ನು ಅಳೆದು ಹಾಕಿ ನೋಡತೊಡಗಿದರು. ಓಟ್ಸ್ ಭ್ರೂಣಕ್ಕೆ ಬೇರೆ ಬೇರೆ ಅಮೈನೊ ಆಮ್ಲಗಳನ್ನು ಕೊಟ್ಟು ನೋಡಿದ ಹ್ಯಾರಿಸ್ ಅವರ 1950ರ ದಶಕದ ಕೆಲಸವಾಗಲಿ, ಬಾರ್ಲಿಯ ತೀರಾ ಪುಟ್ಟ ಭ್ರೂಣಗಳಿಗೆ ಎಳನೀರಿಲ್ಲದೆಯೇ ಗ್ಲುಟಮಿನ್ ಮತ್ತು ಅಲನಿನ್ ಎಂಬ ಅಮೈನೊ ಆಮ್ಲಗಳನ್ನು ಸೇರಿಸಿ ಊಟ ಸಿದ್ಧಪಡಿಸಿದ ನಾರ್‌ಸ್ಟಾಗ್ ಮತ್ತು ಸ್ಮಿತ್ ಅವರ 1963ರ ಪ್ರಯೋಗವಾಗಲಿ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಒಂದೇ ತೂಕದ ಸಾರಜನಕ ಒಂದು ರೂಪದಲ್ಲಿ ಭ್ರೂಣವನ್ನು ಬೆಳೆಸುತ್ತದೆ, ಇನ್ನೊಂದು ರೂಪದಲ್ಲಿ ಸುಮ್ಮನೆ ಬಿದ್ದಿರುತ್ತದೆ, ಮತ್ತೊಂದರಲ್ಲಿ ಬೆಳವಣಿಗೆಯನ್ನೇ ತಡೆಯುತ್ತದೆ. ಕಾರಣ ಗಿಡದ ಅಡುಗೆಮನೆಯಲ್ಲಿದೆ. ನೈಟ್ರೇಟನ್ನು ಬಳಸಬೇಕಾದರೆ ಗಿಡ ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಮೋನಿಯಂ ಆಗಿ ಇಳಿಸಬೇಕು. ಅದಕ್ಕೆ ಎಂಟು ಎಲೆಕ್ಟ್ರಾನುಗಳ ಖರ್ಚಿದೆ, ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವವೂ ಬೇಕು. ಎಳೆಯ ಭ್ರೂಣದಲ್ಲಿ ಆ ಕಿಣ್ವದ ಸಾಮರ್ಥ್ಯ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ವಯಸ್ಸಾದಂತೆ ಬರುತ್ತದೆ. ಹಾಗಾದರೆ ನೇರವಾಗಿ ಅಮೋನಿಯಂ ಕೊಡೋಣವೆಂದರೆ ಅಲ್ಲಿ ಬೇರೆ ತೊಡಕು. ಅಮೋನಿಯಂ ಹೀರಿದಾಗ ಜೀವಕೋಶ ಹೊರಕ್ಕೆ ಆಮ್ಲ ಬಿಡುತ್ತದೆ, ಸುತ್ತಲಿನ ದ್ರಾವಣ ಹುಳಿಯಾಗುತ್ತ ಹೋಗುತ್ತದೆ. ಒಳಕ್ಕೆ ಬಂದ ಅಮೋನಿಯಂ ಕೂಡಲೇ ಇಂಗಾಲದ ಆಸರೆ ಹಿಡಿದು ಅಮೈನೊ ಆಮ್ಲವಾಗದಿದ್ದರೆ ವಿಷವಾಗುತ್ತದೆ. ಕೆನಡಾದಲ್ಲಿ ಗ್ಯಾಂಬೋರ್ಗ್ ಮತ್ತು ಶೈಲುಕ್ 1970ರಲ್ಲಿ ತೋರಿಸಿದ ಸಂಗತಿ ಇಲ್ಲಿ ಮುಖ್ಯ: ಬರೀ ಅಮೋನಿಯಂ ಮೇಲೆ ಬೆಳೆಯದ ಸಸ್ಯಕೋಶಗಳು ಜೊತೆಗೆ ಒಂದಿಷ್ಟು ಸಾವಯವ ಆಮ್ಲ ಸೇರಿಸಿದರೆ ಬೆಳೆದವು. ಗ್ಲುಟಮಿನ್ ಏಕೆ ಎಳೆ ಭ್ರೂಣಕ್ಕೆ ಹಿಡಿಸುತ್ತದೆಂದರೆ ಅದರಲ್ಲಿ ಸಾರಜನಕವೂ ಇದೆ, ಇಂಗಾಲದ ಆಸರೆಯೂ ಇದೆ, ಇಳಿಸುವ ಖರ್ಚು ಮೊದಲೇ ತೀರಿದೆ.

ಈಗ ಒಂದು ಲೆಕ್ಕ ನೋಡೋಣ. ಜಗತ್ತಿನ ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ, ನಮ್ಮಲ್ಲಿ ಬಾಳೆಯ ಸಸಿ ಮಾಡುವ ಕಡೆಗಳಲ್ಲೂ, ದಿನನಿತ್ಯ ಬಳಕೆಯಾಗುವುದು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಪ್ರಕಟಿಸಿದ ಎಂಎಸ್ ಮಾಧ್ಯಮ. ಅದರ ಒಂದು ಲೀಟರಿಗೆ 1,650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1,900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೀಳುತ್ತದೆ. ಕೂಡಿದರೆ ಲೀಟರಿಗೆ ಸುಮಾರು 840 ಮಿಲಿಗ್ರಾಂ ಸಾರಜನಕ, ಅದರಲ್ಲಿ ಮೂರನೆಯ ಒಂದು ಪಾಲು ಅಮೋನಿಯಂ. 1975ರಲ್ಲಿ ಚೀನಾದ ವಿಜ್ಞಾನಿಗಳು ಭತ್ತದ ಪರಾಗಕೋಶಗಳಿಗಾಗಿ ಎನ್-6 ಎಂಬ ಮಾಧ್ಯಮ ರೂಪಿಸಿದಾಗ ಅಮೋನಿಯಂ ಪಾಲನ್ನು ಐದನೆಯ ಒಂದಕ್ಕೆ ಇಳಿಸಿದರು, ಒಟ್ಟು ಸಾರಜನಕವೂ 490 ಮಿಲಿಗ್ರಾಂ ಆಸುಪಾಸಿಗೆ ಇಳಿಯಿತು. ಭತ್ತದ ಅಂಗಾಂಶಗಳಿಗೆ ಅದು ಚೆನ್ನಾಗಿ ಒಗ್ಗಿತು, ಏಕದಳ ಧಾನ್ಯಗಳ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿದೆ. ಬೇರೆ ಬೇರೆ ಅಂಗಾಂಶಕ್ಕೆ, ಬೇರೆ ಬೇರೆ ವಯಸ್ಸಿಗೆ ಅಮೋನಿಯಂ ಮತ್ತು ನೈಟ್ರೇಟ್‌ಗಳ ಅನುಪಾತ ಬದಲಿಸಿ ನೋಡುವುದು ಈ ಕ್ಷೇತ್ರದ ನಿತ್ಯದ ಕಸುಬು. ಅಲ್ಲಿ ಯಾರೂ ‘ಎಷ್ಟು ಸಾರಜನಕ ಹಾಕಿದಿರಿ’ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಯಾವ ರೂಪದಲ್ಲಿ, ಯಾವ ವಯಸ್ಸಿಗೆ, ಯಾವುದರ ಜೊತೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ಪ್ರಯೋಗಕ್ಕೆ ಅರ್ಥವೇ ಇಲ್ಲ. ಪ್ರಯೋಗಾಲಯದ ಹೊಸ್ತಿಲು ದಾಟಿ ಹೊರಕ್ಕೆ ಬಂದ ಕೂಡಲೇ ನಾವು ಈ ಮೂರನ್ನೂ ಮರೆತು ಕಿಲೋ ಮತ್ತು ಚೀಲದ ಭಾಷೆಗೆ ಇಳಿಯುತ್ತೇವೆ. ನನ್ನ ತಕರಾರು ಇದರ ಮೇಲೆ.

ಪಶ್ಚಿಮ ಬೆಂಗಳೂರಿನವರು ಈ ತಕರಾರನ್ನು ತಮ್ಮ ಬಡಾವಣೆಯ ಸೇತುವೆಯ ಮೇಲೆ ನಿಂತೇ ಪರೀಕ್ಷಿಸಬಹುದು. ಬಸವನಗುಡಿಯ ದಿಬ್ಬದ ಕಡೆಯಿಂದ ಹೊರಡುವ ವೃಷಭಾವತಿ, ರಾಜಾಜಿನಗರ, ವಿಜಯನಗರ ಭಾಗದ ರಾಜಕಾಲುವೆಗಳನ್ನೆಲ್ಲ ಸೇರಿಸಿಕೊಂಡು, ನಾಯಂಡಹಳ್ಳಿ ದಾಟಿ, ಜ್ಞಾನಭಾರತಿಯ ಮಗ್ಗುಲಲ್ಲಿ ಹರಿದು, ಕೆಂಗೇರಿ, ಬಿಡದಿಯ ಮೇಲೆ ಬೈರಮಂಗಲದ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಅಲ್ಲಿಂದ ಕಾವೇರಿ. ಹೊಳೆಯೆಂದು ಹೆಸರಿದ್ದರೂ ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದು ನಮ್ಮ ಮನೆಗಳ ಬಚ್ಚಲು ಮತ್ತು ಶೌಚಾಲಯದ ನೀರು, ಸಂಸ್ಕರಿಸಿದ್ದೂ ಸಂಸ್ಕರಿಸದ್ದೂ ಬೆರೆತದ್ದು. ಸಾಧಾರಣ ಗೃಹಬಳಕೆಯ ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇದೆಯೆಂದು ಇಟ್ಟುಕೊಳ್ಳೋಣ. ಹತ್ತು ಕೋಟಿ ಲೀಟರಿನಲ್ಲಿ ಅದು 4 ಟನ್ ಆಗುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು 20.7 ಕಿಲೋ, ಆದ್ದರಿಂದ 4 ಟನ್ ಎಂದರೆ 193 ಚೀಲ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ, ಅಂದರೆ ಎಕರೆಗೆ ಹೆಚ್ಚುಕಡಿಮೆ ಒಂದು ಚೀಲ. ಹಾಗಾದರೆ ನಾವು ತೊಳೆದು ಬಿಡುವ ಪ್ರತಿ ಹತ್ತು ಕೋಟಿ ಲೀಟರಿನಲ್ಲಿ ಇನ್ನೂರು ಎಕರೆ ರಾಗಿಯ ಒಂದು ಬೆಳೆಯ ಸಾರಜನಕ ಹರಿದುಹೋಗುತ್ತಿದೆ. ಇಷ್ಟು ಕೇಳಿದ ಕೂಡಲೇ ‘ಬಿಟ್ಟಿ ಗೊಬ್ಬರ’ ಎಂಬ ಮಾತು ಬಾಯಿಗೆ ಬರುತ್ತದೆ. ಮೂರು ಪ್ರಶ್ನೆಗಳನ್ನು ಕೇಳಬೇಕಾದ ಕ್ಷಣ ಅದೇ.

ಯಾವ ರೂಪ? ಕಚ್ಚಾ ಕೊಳಚೆಯಲ್ಲಿ ಸಾರಜನಕದ ದೊಡ್ಡ ಪಾಲು ಅಮೋನಿಯಂ, ಉಳಿದದ್ದು ಸಾವಯವ. ಸಂಸ್ಕರಣಾ ಘಟಕದಲ್ಲಿ ಚೆನ್ನಾಗಿ ಗಾಳಿ ಊದಿದರೆ ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಆಮೇಲೆ ಗಾಳಿಯಿಲ್ಲದ ಇನ್ನೊಂದು ಹಂತ ಸರಿಯಾಗಿ ನಡೆದರೆ ಮಾತ್ರ ಅದು ಅನಿಲವಾಗಿ ಹಾರಿಹೋಗುತ್ತದೆ. ಹೀಗಾಗಿ ಒಟ್ಟು ಸಾರಜನಕ ಒಂದೇ ಇರುವ ಎರಡು ಘಟಕಗಳ ನೀರು ಎರಡು ಬೇರೆ ವಸ್ತುಗಳು. ಅಮೋನಿಯಂಗೆ ಧನ ವಿದ್ಯುದಂಶವಿದೆ, ಜೇಡಿಯ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನೈಟ್ರೇಟಿನದು ಋಣ ವಿದ್ಯುದಂಶ. ಮಣ್ಣು ಅದನ್ನು ತಡೆಯುವುದಿಲ್ಲ, ನೀರಿನ ಜೊತೆಗೇ ಕೆಳಗಿಳಿದು ಕೊಳವೆಬಾವಿ ಸೇರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ ಮಹಾನಗರಗಳ ಸಂಸ್ಕರಿತ ನೀರಿಗೆ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ಹೇಳಿತು. ಕೇಳಲು ಬಿಗಿಯಾದ ಮಿತಿ. ಆದರೆ ಆ ಹತ್ತೂ ಮಿಲಿಗ್ರಾಂ ನೈಟ್ರೇಟ್ ರೂಪದಲ್ಲಿದ್ದರೆ ಅದು 44 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಗಡಿ 45. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯೂ ಕೈಗೆತ್ತಿಕೊಂಡಾಗಿದೆ. ಉದ್ದೇಶ ಅಂತರ್ಜಲ ಮರುಪೂರಣ. ಹಾಗಿರುವಾಗ ಆ ನೀರಿನ ಸಾರಜನಕ ಮಣ್ಣಿನಲ್ಲಿ ನಿಲ್ಲುವ ರೂಪದ್ದೋ ಬಾವಿಗಿಳಿಯುವ ರೂಪದ್ದೋ ಎಂಬುದು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ. ಸಾರ್ವಜನಿಕ ಚರ್ಚೆಯಲ್ಲಿ ಕೇಳುವುದಾದರೂ ಏನು? ನೊರೆ, ವಾಸನೆ, ಬಿಒಡಿ ಎಂಬ ಸಾವಯವ ಕೊಳೆಯ ಅಳತೆ, ಮತ್ತು ಎಷ್ಟು ದಶಲಕ್ಷ ಲೀಟರ್.

ಯಾವ ವಯಸ್ಸಿಗೆ? ಎಳೆಯ ಭ್ರೂಣವನ್ನು ಕಾಳಿನಿಂದ ಬಿಡಿಸಿ ಸರಳ ಮಾಧ್ಯಮದಲ್ಲಿಟ್ಟರೆ ಅದು ಭ್ರೂಣವಾಗಿ ಬೆಳೆಯುವುದನ್ನು ಅರ್ಧಕ್ಕೇ ಬಿಟ್ಟು ಅವಸರದಲ್ಲಿ ಮೊಳೆಯತೊಡಗುತ್ತದೆ, ನಂಜು ಹಿಡಿದಂಥ ಬಡಕಲು ಸಸಿಯಾಗುತ್ತದೆ. ಬಾರ್ಲಿಯಲ್ಲಿ ಈ ಅವಸರವನ್ನು ತಡೆಯುವ ಸಂಗತಿಗಳಲ್ಲಿ ಅಮೋನಿಯಂ ಕೂಡ ಒಂದೆಂದು 1979ರ ಹೊತ್ತಿಗೆ ಅಂಬೆಕ್ ಮತ್ತು ನಾರ್‌ಸ್ಟಾಗ್ ಕಂಡುಕೊಂಡಿದ್ದರು. ಅದೇ ಅಮೋನಿಯಂ ಒಂದು ವಯಸ್ಸಿನಲ್ಲಿ ಮದ್ದು, ಇನ್ನೊಂದರಲ್ಲಿ ವಿಷ. ಹೊಲದ ಪೈರಿಗೂ ಹಂತಗಳಿವೆ. ರಾಗಿ ತೆಂಡೆ ಒಡೆಯುವಾಗ ಸಾರಜನಕ ಕೇಳುತ್ತದೆ, ಅದಕ್ಕೇ ರೈತರು ಮೇಲುಗೊಬ್ಬರ ಕೊಡುವುದು. ತೆನೆ ಬಲಿಯುವಾಗಲೂ ಅದು ಬರುತ್ತಲೇ ಇದ್ದರೆ ಸೊಪ್ಪು ಬೆಳೆಯುತ್ತದೆ, ಮಾಗುವುದು ತಡವಾಗುತ್ತದೆ, ಪೈರು ಮಲಗುತ್ತದೆ. ಯೂರಿಯಾ ಹಾಕುವುದನ್ನು ರೈತ ನಿಲ್ಲಿಸಬಲ್ಲ. ಕೊಳಚೆ ಬೆರೆತ ನಾಲೆಯ ನೀರಿನಿಂದ ಸಾರಜನಕವನ್ನು ಮಾತ್ರ ನಿಲ್ಲಿಸಲು ಅವನಿಗೆ ಬರುವುದಿಲ್ಲ, ನೀರು ಬೇಕೆಂದರೆ ಅದನ್ನೂ ತೆಗೆದುಕೊಳ್ಳಲೇಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಮಾರ್ಗದರ್ಶಿ ನೀರಾವರಿ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಮೀರಿದ ಸಾರಜನಕ ಸೂಕ್ಷ್ಮ ಬೆಳೆಗಳಿಗೆ ತೊಂದರೆ ಕೊಡಬಹುದೆಂದೂ, 30 ಮೀರಿದರೆ ತೀವ್ರ ನಿರ್ಬಂಧ ಬೇಕೆಂದೂ ಹೇಳಿದ್ದು ಇದಕ್ಕೇ. ಬೈರಮಂಗಲದ ಅಚ್ಚುಕಟ್ಟಿನ ರೈತರು ವರ್ಷಗಳ ಅನುಭವದಿಂದ ಭತ್ತವನ್ನು ಬಿಟ್ಟು ಸೀಮೆಹುಲ್ಲು, ಹಿಪ್ಪುನೇರಳೆ, ತೆಂಗು, ಬೇಬಿಕಾರ್ನ್ ಕಡೆಗೆ ಸರಿದರು. ಕೊಳಚೆಯಲ್ಲಿ ಸಾರಜನಕವಲ್ಲದೆ ಕಾರ್ಖಾನೆಗಳ ಲೋಹ, ಉಪ್ಪು, ಸಾಬೂನು ಎಲ್ಲವೂ ಇವೆ, ಆದ್ದರಿಂದ ಈ ಬದಲಾವಣೆಯ ಹೊಣೆಯನ್ನು ಸಾರಜನಕದ ಮೇಲೊಂದೇ ಹೊರಿಸುವುದು ತಪ್ಪು. ಆದರೆ ಆಯ್ದ ಬೆಳೆಗಳನ್ನು ನೋಡಿ: ಹುಲ್ಲು ಮತ್ತು ಹಿಪ್ಪುನೇರಳೆ ಎರಡರಲ್ಲೂ ಮಾರಾಟವಾಗುವುದು ಎಲೆ. ಕಾಳು ಕಟ್ಟುವ ವಯಸ್ಸೇ ಇಲ್ಲದ ಬೆಳೆಗಳಿಗೆ ಎಡೆಬಿಡದ ಸಾರಜನಕ ಹೊಂದಿಕೊಳ್ಳುತ್ತದೆ. ಯಾವ ಮಾರ್ಗದರ್ಶಿಯನ್ನೂ ಓದದೆ ಆ ರೈತರು ವಯಸ್ಸಿನ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದಾರೆ.

ಯಾವುದರ ಜೊತೆಗೆ? ಇದಕ್ಕೆ ಅತ್ಯುತ್ತಮ ಸಾಕ್ಷಿ ಇರುವುದು ನಗರದ ಇನ್ನೊಂದು ತುದಿಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ. ಅಲ್ಲಿನ ಒಣಬೇಸಾಯ ವಿಭಾಗ 1970ರ ದಶಕದ ಕೊನೆಯಿಂದ ರಾಗಿಯ ಒಂದೇ ತಾಕುಗಳಿಗೆ ವರ್ಷವರ್ಷವೂ ಒಂದೇ ಬಗೆಯ ಗೊಬ್ಬರ ಹಾಕಿ ಲೆಕ್ಕವಿಡುತ್ತ ಬಂದಿದೆ. ಬರೀ ರಾಸಾಯನಿಕ ಗೊಬ್ಬರದ ತಾಕಿನಲ್ಲಿ ಇಳುವರಿ ವರ್ಷಗಳು ಕಳೆದಂತೆ ಕುಸಿಯಿತು. ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ಗೊಬ್ಬರ ಕೊಟ್ಟ ತಾಕು ನಿಂತುಕೊಂಡಿತು. 1986ರಲ್ಲಿ ಆರಂಭವಾದ ರಾಗಿ–ಮುಸುಕಿನಜೋಳದ ದೀರ್ಘಾವಧಿ ಪ್ರಯೋಗದಲ್ಲಿ ಸಾರಜನಕವನ್ನೊಂದೇ ಕೊಟ್ಟ ತಾಕಿನ ಗತಿ ಇನ್ನೂ ಕಷ್ಟ, ಮಣ್ಣು ಹುಳಿಯಾಗುತ್ತ ಹೋಯಿತು. ಗಾಜಿನ ನಳಿಕೆಯಲ್ಲಿ ಬರೀ ಅಮೋನಿಯಂ ಸುತ್ತಲಿನ ದ್ರಾವಣವನ್ನು ಹುಳಿ ಮಾಡಿದ್ದನ್ನೂ, ಜೊತೆಗೆ ಸಾವಯವ ಆಮ್ಲ ಬಿದ್ದಾಗ ಕೋಶಗಳು ಬದುಕಿದ್ದನ್ನೂ ಈ ತಾಕುಗಳ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಕಡೆ ನಡೆಯುವ ರಸಾಯನ ಒಂದೇ ಎಂದು ನಾನು ಹೇಳುತ್ತಿಲ್ಲ. ಹೊಲದ ಹುಳಿಗೆ ಬ್ಯಾಕ್ಟೀರಿಯಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗ ಬಿಡುವ ಆಮ್ಲ ದೊಡ್ಡ ಕಾರಣ, ಕೊಟ್ಟಿಗೆ ಗೊಬ್ಬರ ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಮಣ್ಣಿಗೆ ಕೊಡುತ್ತದೆ. ಆದರೆ ಒಂಟಿ ಸಾರಜನಕ ಗಿಡಕ್ಕೆ ಅನ್ನವಾಗುವುದಿಲ್ಲ ಎಂಬ ತೀರ್ಪು ಮಾತ್ರ ಎರಡು ಕಡೆಯಿಂದಲೂ ಒಂದೇ ಬಂದಿದೆ. ಹೀಗಿದ್ದೂ ಯೂರಿಯಾ ಚೀಲಕ್ಕೆ ಸುಮಾರು 266 ರೂಪಾಯಿ ಬೆಲೆ ಕಟ್ಟಿ ಉಳಿದ ಗೊಬ್ಬರಗಳನ್ನು ಅದರ ಹಲವು ಪಟ್ಟು ದುಬಾರಿಯಾಗಿಟ್ಟ ನೀತಿ, ರೈತನ ಕೈಗೆ ಒಂಟಿ ಸಾರಜನಕವನ್ನೇ ತುರುಕುತ್ತಿದೆ. 2015ರಲ್ಲಿ ಬಂದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ, ಸಾರಜನಕಕ್ಕೆ ಒಂದೇ ಅಂಕಿ. ಅದು ಯಾವ ರೂಪದ್ದೆಂದು ಚೀಟಿ ಹೇಳುವುದಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಜಾರಿಸಿಕೊಂಡು ಹೋಗಲಾಗದು. ಸಕ್ಕರೆ ಹಾಕಿದ ಅಗರ್ ಮೇಲೆ, ರೋಗಾಣುವಿಲ್ಲದ ಗಾಜಿನಲ್ಲಿ ಬೆಳೆದ ಭ್ರೂಣಕ್ಕೂ ಗಾಳಿ, ಮಳೆ, ಎರೆಹುಳು, ಕೋಟ್ಯಂತರ ಸೂಕ್ಷ್ಮಜೀವಿಗಳ ನಡುವಿನ ಪೈರಿಗೂ ಏನು ಹೋಲಿಕೆ? ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಗಾಳಿಯಾಡುವ ಕೆಂಪು ಮಣ್ಣಿನಲ್ಲಿ ಅದು ಕೆಲವು ವಾರಗಳಲ್ಲಿ ನೈಟ್ರೇಟ್ ಆಗುತ್ತದೆ. ಯಾವ ರೂಪದಲ್ಲಿ ಹಾಕಿದರೂ ಕೊನೆಗೆ ಬೇರಿಗೆ ಸಿಗುವುದು ಅದೇ ತಾನೆ ಎಂದು ಮಣ್ಣು ವಿಜ್ಞಾನಿಗಳು ಕೇಳಬಹುದು. ಅವರು ಹೇಳುವ ಮಾರ್ಪಾಟು ನಿಜ. ಅದರಿಂದಲೇ ರೂಪದ ಪ್ರಶ್ನೆ ಇನ್ನೂ ಮುಖ್ಯವಾಗುತ್ತದೆ ಎಂಬುದು ನನ್ನ ಉತ್ತರ. ಯೂರಿಯಾ ಒಡೆಯುವಾಗ ಅಮೋನಿಯಾ ಗಾಳಿಗೆ ಹಾರುತ್ತದೆ, ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ನೈಟ್ರೇಟ್ ಆದಮೇಲೆ ಮಳೆಗೆ ಇಳಿದುಹೋಗುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಗಾಳಿ ಸಿಗದೆ ಅಮೋನಿಯಂ ಹಾಗೆಯೇ ಉಳಿಯುತ್ತದೆ, ಭತ್ತ ಅದಕ್ಕೆ ಒಗ್ಗಿಕೊಂಡ ಗಿಡ. ಅದೇ ಗದ್ದೆಗೆ ನೈಟ್ರೇಟ್ ಹಾಕಿದರೆ ಬಹುಪಾಲು ಅನಿಲವಾಗಿ ಹೋಗುತ್ತದೆ. ಭ್ರೂಣದ ಪ್ರಯೋಗ ಹೊಲಕ್ಕೆ ಗೊಬ್ಬರದ ಪ್ರಮಾಣ ಹೇಳಿಕೊಡುವುದಿಲ್ಲ, ಅದನ್ನು ಅಲ್ಲಿಂದ ನಿರೀಕ್ಷಿಸಲೂಬಾರದು. ಮಣ್ಣಿನ ಗೊಂದಲವನ್ನೆಲ್ಲ ತೆಗೆದು, ಗಿಡವೊಂದನ್ನೇ ಎದುರಿಗೆ ಕೂರಿಸಿ ‘ನಿನಗೆ ಇವೆರಡೂ ಒಂದೇನಾ’ ಎಂದು ಕೇಳುವ ಅವಕಾಶ ಅದು. ಗಿಡ ನೂರು ವರ್ಷದಿಂದ ಅಲ್ಲವೆಂದೇ ಹೇಳುತ್ತಿದೆ.

ಇನ್ನೊಂದು ಆಕ್ಷೇಪ ಹಣದ್ದು. ದಿನವೂ ಕೋಟಿಗಟ್ಟಲೆ ಲೀಟರ್ ಹರಿಯುವ ಕಡೆ ಸಾರಜನಕದ ರೂಪರೂಪವನ್ನು ಅಳೆಯುತ್ತ ಕೂರುವುದು ಸಾಧ್ಯವೇ, ರೈತನಿಗೆ ನೀರೇ ಇಲ್ಲದಿರುವಾಗ ಇದು ಅತಿ ಮಡಿಯಲ್ಲವೇ? ಕೋಲಾರದಂಥ ಬರದ ಜಿಲ್ಲೆಗೆ ಕೆರೆಯಲ್ಲಿ ನೀರು ಕಾಣುವುದು ಎಷ್ಟು ದೊಡ್ಡ ವಿಷಯವೆಂದು ಬಲ್ಲವರು ಈ ಪ್ರಶ್ನೆಯನ್ನು ಹಗುರವಾಗಿ ನೋಡುವುದಿಲ್ಲ, ನಾನೂ ನೋಡುತ್ತಿಲ್ಲ. ಆದರೆ ಅಮೋನಿಯಂ ಮತ್ತು ನೈಟ್ರೇಟ್ ಅಳೆಯುವುದು ಪದವಿ ತರಗತಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲೂ ಆಗುವ ಕೆಲಸ, ಒಂದು ಪೈಪ್‌ಲೈನಿನ ಖರ್ಚಿನ ಎದುರು ಅದು ಲೆಕ್ಕಕ್ಕೇ ಬಾರದು. ವೃಷಭಾವತಿಯ ದಡದಲ್ಲೇ ಜ್ಞಾನಭಾರತಿ ಇದೆ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರದ ಪರಂಪರೆಯನ್ನು ಪಡೆದುಕೊಂಡು ಈ ಆವರಣಕ್ಕೆ ಬಂದಿತು. ಆ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಬಿ.ಜಿ.ಎಲ್. ಸ್ವಾಮಿ ಸಸ್ಯಭ್ರೂಣಶಾಸ್ತ್ರದಲ್ಲಿ ಹೆಸರು ಮಾಡಿದವರು; ‘ಹಸುರು ಹೊನ್ನು’ವಿನಿಂದ ಕನ್ನಡಿಗರಿಗೆ ಗಿಡಗಳನ್ನು ನೋಡುವ ಕಣ್ಣು ಕೊಟ್ಟವರೂ ಅವರೇ. ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳ ಕಿಟಕಿಯಾಚೆಗೆ ಹರಿಯುವ ಹೊಳೆಯ ಸಾರಜನಕವನ್ನು ತಿಂಗಳಿಗೊಮ್ಮೆ ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲಗಳಲ್ಲಿ ಅಳೆದು, ಅಮೋನಿಯಂ ಇಷ್ಟು, ನೈಟ್ರೇಟ್ ಇಷ್ಟು, ಸಾವಯವ ಇಷ್ಟು ಎಂದು ಕನ್ನಡದಲ್ಲಿ ಪ್ರಕಟಿಸುವುದು ಅವರ ಪಠ್ಯದ ಭಾಗವೇ ಆಗಬಹುದು. ಜಲಮಂಡಳಿ ತನ್ನ ಘಟಕಗಳಿಂದ ಹೊರಬೀಳುವ ನೀರಿಗೆ ಇದೇ ಮೂರು ಅಂಕಿಗಳನ್ನು ಕೊಡಬೇಕು. ನೀರು ಪಡೆಯುವ ಕೆರೆಯ ಏರಿಯ ಮೇಲೆ ಅವು ಫಲಕವಾಗಿ ನಿಲ್ಲಬೇಕು. ಅಂಕಿ ಕೈಯಲ್ಲಿದ್ದರೆ ತುಮಕೂರಿನ ರೈತ ಆ ಕೆರೆಯ ಕೆಳಗೆ ಹುಲ್ಲು ಹಾಕಬೇಕೇ, ರಾಗಿ ಹಾಕಿ ಮೇಲುಗೊಬ್ಬರವನ್ನು ಬಿಡಬೇಕೇ ಎಂದು ತಾನೇ ನಿರ್ಧರಿಸುತ್ತಾನೆ. ಆ ಊರಿನ ಪಂಚಾಯಿತಿಗೆ ತನ್ನ ಕೊಳವೆಬಾವಿಯನ್ನು ಯಾವಾಗ ಪರೀಕ್ಷೆಗೆ ಕಳಿಸಬೇಕೆಂದೂ ತಿಳಿಯುತ್ತದೆ.

ಕೊನೆಯದಾಗಿ, ಗಾಜಿನ ನಳಿಕೆಯಲ್ಲಿ ಭ್ರೂಣ ಸಾಕುವುದೆಲ್ಲ ಹೊಟ್ಟೆ ತುಂಬಿದವರ ವಿಜ್ಞಾನ, ನಮಗೆ ಬೇಕಾದದ್ದು ಹೊಲದ ವಿಜ್ಞಾನ ಎನ್ನುವವರಿದ್ದಾರೆ. ಅವರು ರಾಗಿ ಲಕ್ಷ್ಮಣಯ್ಯನವರ ಉದಾಹರಣೆ ಕೊಡಬಹುದು. ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಅವರಿಗೆ ಭ್ರೂಣ ಕೃಷಿಯ ಹಂಗು ಬೇಕಾಗಲಿಲ್ಲ, ನಿಜ. ಎರಡೂ ಒಂದೇ ಪ್ರಭೇದದವಾದ್ದರಿಂದ ಕೂಡಿಕೆಯ ಕಾಳು ತಾನಾಗಿಯೇ ಬಲಿಯಿತು. ದೂರದ ಸಂಬಂಧದ ಕಾಡುತಳಿಯೊಂದಿಗೆ ಕೂಡಿಸಿದಾಗ ಕಥೆ ಬೇರೆ. ಭ್ರೂಣ ಹುಟ್ಟುತ್ತದೆ, ಅದಕ್ಕೆ ಉಣಿಸಬೇಕಾದ ಭ್ರೂಣಾಹಾರ ಕುಸಿಯುತ್ತದೆ, ಹಾಲುಗಟ್ಟುವ ಮೊದಲೇ ಕಾಳು ಜೊಳ್ಳಾಗುತ್ತದೆ. ಆ ಕೆಲವು ದಿನಗಳಲ್ಲಿ ಭ್ರೂಣವನ್ನು ಬಿಡಿಸಿ, ಅದರ ವಯಸ್ಸಿಗೆ ಒಪ್ಪುವ ರೂಪದ ಸಾರಜನಕ ಉಣಿಸಿದರಷ್ಟೇ ಹೊಸ ಗಿಡ ಉಳಿಯುತ್ತದೆ. ಭತ್ತವನ್ನು ಕಾಡುತಳಿ ಒರೈಜಾ ಅಫಿಸಿನಾಲಿಸ್ ಜೊತೆ ಕೂಡಿಸಿ ಕಂದು ಜಿಗಿಹುಳುವಿನ ವಿರುದ್ಧದ ನಿರೋಧವನ್ನು ತಂದದ್ದು ಹೀಗೆಯೇ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜೇನಾ ಮತ್ತು ಖುಷ್ ಅದನ್ನು 1990ರಲ್ಲಿ ವರದಿ ಮಾಡಿದರು. ಮಂಡ್ಯದ ಗದ್ದೆಗಳಲ್ಲಿ ಜಿಗಿಹುಳು ಬಿದ್ದು ಸುಟ್ಟಂತೆ ಒಣಗಿದ ಪೈರನ್ನು ನೋಡಿದ ಯಾವ ರೈತನೂ ಇದನ್ನು ಹೊಟ್ಟೆ ತುಂಬಿದವರ ವಿಜ್ಞಾನ ಎನ್ನಲಾರ. ಆ ಹುಳು ಹೆಚ್ಚುವುದು ಸಾರಜನಕ ಅತಿಯಾಗಿ ಕೊಬ್ಬಿದ ಪೈರಿನಲ್ಲೇ ಎಂಬುದೂ ಅವನಿಗೆ ಗೊತ್ತು. ಒಂದು ಕಡೆ ಯೂರಿಯಾ ಸುರಿದು ಹುಳುವನ್ನು ಕರೆಯುವುದು, ಇನ್ನೊಂದು ಕಡೆ ಭ್ರೂಣಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಉಣಿಸಿ ಹುಳುವನ್ನು ತಾಳುವ ತಳಿ ಹುಡುಕುವುದು, ಇವೆರಡೂ ಒಂದೇ ಸರ್ಕಾರದ ಹಣದಲ್ಲಿ ನಡೆಯುತ್ತಿವೆ. ಎರಡನೆಯ ಕೋಣೆಯಲ್ಲಿರುವವರ ಟಿಪ್ಪಣಿ ಪುಸ್ತಕವನ್ನು ಮೊದಲನೆಯ ಕೋಣೆಯವರು ಬೆಲೆ, ಚೀಟಿ ಮತ್ತು ನೀರಿನ ಮಾನದಂಡ ಬರೆಯುವ ಮೇಜಿನ ಮೇಲೆ ತೆರೆದಿಟ್ಟುಕೊಳ್ಳಲಿ. ವೃಷಭಾವತಿಯ ನೀರು ತುಮಕೂರಿನ ದಿಕ್ಕಿಗೆ ಏರುವ ಮುನ್ನವೇ ಅದು ಆಗಬೇಕು.